ಬಳೆ ತೊಟ್ಟ ಇಂಡಿಕೇಟರ್

ನಾನು ಹೇಳಿದ್ದು ಸುಳ್ಳೋ ನಿಜವೋ, ನೀವೇ ತೀರ್ಮಾನಿಸಿ. ಕತಾರಿನ ಉಮ್ಮ್ ಸಲಾಲ್‌ನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ಕೆಲಸ ಖಾಲಿಯಿದೆಯೆಂದು ಸಂದರ್ಶನಕ್ಕೆ ಹೋಗಿದ್ದೆ. ಎಲ್ಲ ಪ್ರಶ್ನೆಗಳೂ ಮುಗಿದ ಮೇಲೆ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಮ್ಮ ಶಾಲೆಯ ಬಸ್ಸು ನಿಮ್ಮ ಮದೀನತ್ ಖಲೀಫಾದ ಕಡೆಗೆ ಬರುವುದಿಲ್ಲ. ನಿಮಗೆ ಡ್ರೈವಿಂಗ್ ಬರುತ್ತದೆಯೆ?” ಎಂದು ಕೇಳಿದರು. “ಓಹೋ, ಹನ್ನೊಂದು ವರ್ಷ ಓಡಿಸಿದ್ದೇನೆ” ಎಂದೆ. ಇದರಲ್ಲಿ ಸುಳ್ಳಿನ ಚೂರೂ ಇಲ್ಲ. ಆದರೆ ಅದು ಬೇರೊಂದು ಖಂಡದ ಸತ್ಯ. ಸತ್ಯಕ್ಕೂ ವೀಸಾ ಬೇಕಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅವರ ಮುಂದಿನ ಮಾತಿನಲ್ಲಿ: “ಹಾಗಾದರೆ ಬೇಸಿಗೆ ರಜೆ ಮುಗಿಯುವುದರೊಳಗೆ ಇಲ್ಲಿನ ಲೈಸೆನ್ಸ್ ತೋರಿಸಿ. ಕೆಲಸ ನಿಮ್ಮದು. ಹೋದ ವರ್ಷದ ಟೀಚರು ಟ್ಯಾಕ್ಸಿಯನ್ನು ನಂಬಿಕೊಂಡಿದ್ದರು. ಮೊದಲ ಪೀರಿಯಡ್ಡಿನ ಗಣಿತವನ್ನು ಮಕ್ಕಳು ತಾವೇ ಕಲಿತುಕೊಂಡರು.”

ದೋಹಾಕ್ಕೆ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ನಾನು ನಮ್ಮ ಅಡುಗೆಮನೆಯ ಗೋಡೆಯ ಟೈಲುಗಳನ್ನೆಲ್ಲ ಎಣಿಸಿ ಮುಗಿಸಿದ್ದೆ. ಗಣಿತದವಳಲ್ಲವೆ, ಒಂದೊಂದರ ಕರ್ಣದ ಉದ್ದವನ್ನೂ ಲೆಕ್ಕ ಹಾಕಿಟ್ಟಿದ್ದೆ. ತರಕಾರಿ ಬೇಕೆಂದರೂ ಸಂಜೆ ಇವರು ಬರುವ ದಾರಿ ಕಾಯಬೇಕು, ಚಪ್ಪಲಿಯ ಉಂಗುಷ್ಟ ಕಿತ್ತುಹೋದರೂ ಶುಕ್ರವಾರ ಬರಬೇಕು. ಇವರ ಆಫೀಸು ಇರುವುದು ಉಮ್ಮ್ ಸಲಾಲ್‌ಗೆ ಬೆನ್ನು ಹಾಕಿ ಕೂತ ದಿಕ್ಕಿನಲ್ಲಿ. ಆದ್ದರಿಂದ ಆ ಕೆಲಸ, ಆ ಕರಿಹಲಗೆ, ಬೆಳಗಿನ ಹೊತ್ತು ಮನೆಯ ಬಾಗಿಲು ಹಾಕಿಕೊಂಡು ನನ್ನ ಪಾಡಿಗೆ ನಾನು ಹೊರಡುವ ಸುಖ, ಎಲ್ಲವೂ ಒಂದು ಅಂಗೈ ಅಗಲದ ಕಾರ್ಡಿನ ಮೇಲೆ ನಿಂತಿದ್ದವು.

ಇವರು ಎಂದರೆ ನಮ್ಮ ಯಜಮಾನರು. ಗಂಡನ ಹೆಸರು ಹಿಡಿದು ಕರೆಯಬಾರದೆಂದು ಕಲಿಸಿದ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ವಿಮಾನ ನಿಲ್ದಾಣದ ಅಧಿಕಾರಿಗಳ ಮುಂದೆ ಮಾತ್ರ ಆ ವ್ರತ ಮುರಿಯುತ್ತೇನೆ. ಇವರು ಕುಡಿಯುವ ನೀರಿನ ಪೈಪುಗಳನ್ನು ಹಾಕಿಸುವ ಇಂಜಿನಿಯರು. ಹಾಗಾಗಿ ನೀರಿಲ್ಲದ ದೇಶಗಳೇ ನಮ್ಮ ಹಣೆಯಲ್ಲಿ ಬರೆದಿವೆ. ಕತಾರಿಗೆ ಬರುವ ಮೊದಲು ಹನ್ನೆರಡು ವರ್ಷ ಬೋಟ್ಸ್ವಾನಾದ ಗ್ಯಾಬರೋನ್‌ನಲ್ಲಿ ಇದ್ದೆವು. ಆ ದೇಶದಲ್ಲಿ ಮಳೆಗೆ ಪುಲಾ ಎನ್ನುತ್ತಾರೆ. ಅವರ ನೋಟಿನ ಹೆಸರೂ ಪುಲಾ, ಸಭೆ ಮುಗಿಸುವಾಗ ಎಲ್ಲರೂ ಕೂಗುವ ಹಾರೈಕೆಯೂ ಪುಲಾ. ಮಳೆ ಅಷ್ಟು ಅಪರೂಪದ ಬಂಧು. ಅದರ ಎದುರಿಗೆ ದೋಹಾವನ್ನು ಇಟ್ಟು ನೋಡಿದರೆ ಗ್ಯಾಬರೋನ್ ಆಗುಂಬೆಯೇ.

ಅಲ್ಲಿ ನನಗೆ ಕಾರು ಕಲಿಸಲು ಮೊದಲು ಹೊರಟವರು ಇವರೇ. ಎರಡು ಭಾನುವಾರ ಕಲಿಸಿದರು. ಮೂರನೆಯ ಭಾನುವಾರದ ಹೊತ್ತಿಗೆ ನಾವಿಬ್ಬರೂ ಚೀಟಿ ಬರೆದು ಮಾತಾಡುವ ಸ್ಥಿತಿಗೆ ಬಂದಿದ್ದೆವು. ಆಗ ನನ್ನ ಕೈ ಹಿಡಿದವರು ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮ್ಮಾ ಕೆನೆಲ್ವೆ. ಆ ಊರಿನಲ್ಲಿ ಹೆಂಗಸರನ್ನೆಲ್ಲ ಮ್ಮಾ ಎಂದೇ ಕರೆಯಬೇಕು, ಗಂಡಸರನ್ನು ರ್ರಾ. ಕೆನೆಲ್ವೆ ಅರವತ್ತರ ಹತ್ತಿರದ ದಪ್ಪನೆಯ ಹೆಂಗಸು. ಅವರ ಹಳೆಯ ಪಿಕಪ್ ಗಾಡಿ ಅವರಿಗಿಂತ ಸ್ವಲ್ಪವೇ ಚಿಕ್ಕದು. ಮೊದಲ ದಿನ ನಾನು ಸೀಟಿಗೆ ಹತ್ತಿ ಕೂತವಳೇ ಕೀಲಿ ತಿರುಗಿಸಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

“ಮೊದಲು ಗಾಡಿಗೆ ದುಮೆಲಾ ಹೇಳು” ಎಂದರು. ದುಮೆಲಾ ಎಂದರೆ ಅವರ ನಮಸ್ಕಾರ.

“ಗಾಡಿಗೆ ಕೇಳಿಸುತ್ತದೆಯೆ?”

“ನಿನಗೆ ಕೇಳಿಸುತ್ತದಲ್ಲ, ಅಷ್ಟು ಸಾಕು. ನಮಸ್ಕಾರ ಹೇಳುವಷ್ಟು ಹೊತ್ತು ಕೈ ಸುಮ್ಮನಿರುತ್ತದೆ.”

ಅಲ್ಲಿ ನಮಸ್ಕಾರವಿಲ್ಲದೆ ಯಾವ ಕೆಲಸವೂ ಆಗುವುದಿಲ್ಲ. ಬ್ಯಾಂಕಿಗೆ ಹೋಗಿ ನೇರವಾಗಿ ವಿಷಯಕ್ಕೆ ಬಂದಿರೋ, ಕಿಟಕಿಯ ಆಚೆ ಇರುವವರು ನಿಮ್ಮನ್ನು ಗಾಳಿಯಂತೆ ನೋಡುತ್ತಾರೆ. ದುಮೆಲಾ ಎನ್ನಬೇಕು, ಚೆನ್ನಾಗಿ ಎದ್ದಿರಾ ಎಂದು ಕೇಳಬೇಕು, ಅವರು ಚೆನ್ನಾಗಿ ಎದ್ದೆ ಎನ್ನಬೇಕು, ನೀವು ಹೇಗೆ ಎದ್ದಿರಿ ಎಂದು ಅವರು ಕೇಳಬೇಕು. ಆಮೇಲೆ ಚೆಕ್ಕು. ಇದನ್ನು ಇವರು ಕಲಿತದ್ದು ನಾವು ಮೊದಲ ಸಲ ಉತ್ತರಕ್ಕೆ ಪ್ರವಾಸ ಹೊರಟಾಗ. ದನಕರುಗಳ ಕಾಲುಬಾಯಿ ರೋಗ ಹರಡದಿರಲೆಂದು ಅಲ್ಲಿ ಹೆದ್ದಾರಿಗೆ ಅಡ್ಡಲಾಗಿ ಗೇಟುಗಳಿರುತ್ತವೆ. ಗಾಡಿಯನ್ನು ಔಷಧಿಯ ನೀರಿನಲ್ಲಿ ದಾಟಿಸಬೇಕು, ನಾವು ಇಳಿದು ಒದ್ದೆ ಗೋಣಿಯಂಥದರ ಮೇಲೆ ಕಾಲಿಟ್ಟು ನಡೆಯಬೇಕು, ತಂದಿರುವ ಚಪ್ಪಲಿ ಬೂಟುಗಳನ್ನೆಲ್ಲ ತೆಗೆದು ಅದ್ದಬೇಕು. ಹಸಿ ಮಾಂಸ ಒಯ್ಯುವಂತಿಲ್ಲ. ಇವರು ಇಳಿದವರೇ, “ನಾವು ಸಸ್ಯಾಹಾರಿಗಳು, ಬೇಗ ಬಿಡಿ” ಎಂದರು. ಗೇಟಿನ ಅಧಿಕಾರಿ ಇವರತ್ತ ತಿರುಗಿಯೂ ನೋಡದೆ ನಮ್ಮ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ.

ಒಳಗಿದ್ದದ್ದು ಇಡ್ಲಿ ಹಿಟ್ಟು. ಆರು ಗಂಟೆಯ ಪ್ರಯಾಣದಲ್ಲಿ ಐಸೆಲ್ಲ ಕರಗಿ, ಹಿಟ್ಟು ಹುಳಿ ಬಂದು ಉಬ್ಬಿ, ಡಬ್ಬಿಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಎದ್ದು ನಿಂತಿತ್ತು. ಗುಳ್ಳೆಯೊಂದು ಅವನ ಕಣ್ಣೆದುರಿಗೇ ಪುಸ್ಸೆಂದು ಒಡೆಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದು, “ಇದಕ್ಕೆ ಜೀವ ಇದೆಯೆ?” ಎಂದು ಕೇಳಿದ. ನಾನು ಮುಂದೆ ಬಂದು, “ದುಮೆಲಾ ರ್ರಾ, ಚೆನ್ನಾಗಿ ಎದ್ದಿರಾ?” ಎಂದೆ. ಅವನ ಮುಖ ಹಿಟ್ಟಿನ ಹಾಗೇ ಅರಳಿತು. ಆಮೇಲೆ ಅಕ್ಕಿ, ಉದ್ದು, ಹುದುಗು ಎಲ್ಲದರ ಕಥೆ ಹೇಳಿದೆ. ಅವರಲ್ಲೂ ಜೋಳದ ಹಿಟ್ಟನ್ನು ಹುಳಿ ಬರಿಸಿ ಗಂಜಿ ಮಾಡುತ್ತಾರೆ, ನಮ್ಮ ಅಂಬಲಿಯ ಅಕ್ಕನಂಥದು. ತನ್ನ ತಾಯಿಯ ಗಂಜಿಯೂ ಹೀಗೇ ಏಳುತ್ತದೆ ಎಂದು ಅವನು ಹೇಳಿದ. ನಮ್ಮ ಹಿಂದೆ ಎಂಟು ಗಾಡಿ ಸಾಲುಗಟ್ಟಿದ್ದವು, ಯಾರೂ ಹಾರ್ನ್ ಮಾಡಲಿಲ್ಲ. ಅಂದಿನಿಂದ ಗೇಟು ಬಂದರೆ ಇವರು ಕಾರಿನಲ್ಲೇ ಕೂರುತ್ತಾರೆ, ಇಳಿದು ಮಾತಾಡುವವಳು ನಾನು.

ಕೆನೆಲ್ವೆ ಕಲಿಸಿದ ಇನ್ನೊಂದು ಪಾಠ ಆನೆಯದು. ನಾಟಾ ಎಂಬ ಊರಿನಿಂದ ಕಸಾನೆಯವರೆಗೆ ಹೋಗುವ ಹೆದ್ದಾರಿ ಆನೆಗಳದು. ನಮಗೆ ಅದನ್ನು ಅವು ಬಳಸಲು ಕೊಟ್ಟಿವೆ, ಅಷ್ಟೆ. ಒಂದು ಮಧ್ಯಾಹ್ನ ನಾನೇ ಓಡಿಸುತ್ತಿದ್ದೆ. ರಸ್ತೆಯ ನಟ್ಟನಡುವೆ ಒಂದು ಹೆಣ್ಣಾನೆ ಕಿವಿ ಬಿಡಿಸಿ ನಿಂತಿತು. ಪಕ್ಕದಲ್ಲಿ ಇವರು, “ಹೊರಡೇ, ಎಡಗಡೆ ಜಾಗ ಇದೆ, ಹೊರಡೇ!” ಎಂದು ಜಪ ಮಾಡುತ್ತಿದ್ದರು. ಕೆನೆಲ್ವೆ ಹೇಳಿದ್ದರು: ಪಕ್ಕದ ಸೀಟಿನವರ ಮಾತು ಕೇಳಬೇಡ, ಆನೆಯ ಮಾತು ಕೇಳು. ನಾನು ಕೇಳಿದೆ. ಮೆಲ್ಲಗೆ ಹಿಂದಕ್ಕೆ ಸರಿದು ನಿಂತೆ, ನಲವತ್ತು ನಿಮಿಷ. ಪೊದೆಯಿಂದ ಮರಿಗಳೂ ಚಿಕ್ಕಮ್ಮಂದಿರೂ ಸೇರಿ ಹದಿನೇಳು ಆನೆಗಳು ದಾಟಿದವು. ಇವರು ಹೇಳಿದ ಎಡಗಡೆಯ ಜಾಗದಿಂದಲೇ ದಾಟಿದವು.

ಇಷ್ಟೆಲ್ಲ ವಿದ್ಯೆ ಇದ್ದವಳು ನಾನು. ಜಾಂಬೆಜಿ ನದಿಯನ್ನು ದೋಣಿಯ ಮೇಲೆ ಕಾರು ಹತ್ತಿಸಿ ದಾಟಿದವಳು, ಕಲಹರಿಯ ಮರಳಿನಲ್ಲಿ ಟೈರಿನ ಗಾಳಿ ಇಳಿಸಿ ಓಡಿಸಿದವಳು. ದೋಹಾದಲ್ಲಿ ನನ್ನ ಆ ಕಾರ್ಡನ್ನು ಕೌಂಟರಿನವರು ಹಿಂದೆ ಮುಂದೆ ತಿರುಗಿಸಿ ನೋಡಿ, “ಮಾಫಿ” ಎಂದು ವಾಪಸು ಕೊಟ್ಟರು. ನಡೆಯುವುದಿಲ್ಲ ಎಂದರ್ಥ. ಮೊದಲಿಂದ ಕಲಿಯಬೇಕು, ಪರೀಕ್ಷೆ ಕೊಡಬೇಕು.

ಇವರೂ ಬಂದ ಹೊಸತರಲ್ಲಿ ಪರೀಕ್ಷೆ ಕೊಟ್ಟಿದ್ದರು, ಮೊದಲ ಸಲಕ್ಕೇ ಪಾಸಾಗಿದ್ದರು. ಈ ವಿಷಯವನ್ನು ಇವರು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೇಳುವುದಿಲ್ಲ. ಆದರೆ ಪಾಸಾದ ವಾರದಲ್ಲೇ ಆದದ್ದನ್ನು ಹೇಳುವುದೇ ಇಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಬೋಟ್ಸ್ವಾನಾದ ಹೆದ್ದಾರಿಯಲ್ಲಿ ನೀವು ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಟ್ಟರೆ, ಅವರು ಮುಂದೆ ಹೋದ ಮೇಲೆ ಎರಡೂ ಕಡೆಯ ದೀಪಗಳನ್ನು ಎರಡು ಸಲ ಮಿನುಗಿಸಿ ಉಪಕಾರವಾಯಿತು ಎನ್ನುತ್ತಾರೆ. ನೀವು ಹೆಡ್‌ಲೈಟ್ ಮಿಂಚಿಸಿ, ಇರಲಿ ಬಿಡಿ ಎನ್ನಬೇಕು. ದೋಹಾದ ಉತ್ತರದ ಹೆದ್ದಾರಿಯಲ್ಲಿ ನಾವು, ಇಲ್ಲಿ ವೇಗದವರಿಗೆಂದೇ ಇರುವ ಎಡಗಡೆಯ ಲೇನಿನಲ್ಲಿ ಹಾಯಾಗಿ ಹೋಗುತ್ತಿದ್ದಾಗ ಹಿಂದಿನಿಂದ ಬಿಳಿಯ ಲ್ಯಾಂಡ್‌ಕ್ರೂಸರ್ ಒಂದು ಹೆಡ್‌ಲೈಟ್ ಮಿಂಚಿಸುತ್ತಾ ಬಂತು. “ನೋಡೇ, ಎಂಥಾ ದೊಡ್ಡ ಮನುಷ್ಯ! ನಾನಿನ್ನೂ ಥ್ಯಾಂಕ್ಸ್ ಹೇಳೇ ಇಲ್ಲ, ಆಗಲೇ ಇರಲಿ ಬಿಡಿ ಅಂತಿದಾನೆ” ಎಂದು ಇವರು, ಆ ಸೌಜನ್ಯಕ್ಕೆ ಸರಿಸಾಟಿಯಾಗಿ ಎರಡೂ ದೀಪ ಮಿನುಗಿಸಿದರು, ಲೇನು ಮಾತ್ರ ಬಿಡಲಿಲ್ಲ. ಅವನು ಮತ್ತೆ ಮಿಂಚಿಸಿದ. ಇವರು ಮತ್ತೆ ಮಿನುಗಿಸಿದರು. ಅಲ್ ಗರಾಫಾದವರೆಗೂ ಈ ಉಪಚಾರ ನಡೆಯಿತು. ಕೊನೆಗೆ ಅವನು ಬಲಗಡೆಯಿಂದ ನುಗ್ಗಿ ಹೋಗುವಾಗ ಐದು ಬೆರಳು ಕೂಡಿಸಿ ತೋರಿಸಿದ ಭಂಗಿಯಲ್ಲಿ ದೊಡ್ಡತನವೇನೂ ಕಾಣಲಿಲ್ಲ. ಇಲ್ಲಿ ಆ ಬೆಳಕಿಗೆ ಅರ್ಥ, ದಾರಿ ಬಿಡು.

ಇನ್ನು ರೌಂಡಬೌಟುಗಳ ವಿಷಯ. ನಮ್ಮ ಅಜ್ಜಿ ಕಲಿಸಿದ ವಿದ್ಯೆಗಳಲ್ಲಿ ಪ್ರದಕ್ಷಿಣೆ ಮೊದಲನೆಯದು. ದೇವರು ಯಾವಾಗಲೂ ನಮ್ಮ ಬಲಗಡೆ ಇರಬೇಕು. ಭಾರತದಲ್ಲೂ ಬೋಟ್ಸ್ವಾನಾದಲ್ಲೂ ಗಾಡಿಗಳು ಎಡಗಡೆ ಓಡುವುದರಿಂದ ವೃತ್ತ ಸುತ್ತುವಾಗ ನಡುವಿನ ಕಟ್ಟೆ ನಮ್ಮ ಬಲಕ್ಕೇ ಇರುತ್ತದೆ. ಅಲ್ಲಿ ಕಾರಂಜಿ ಇರಲಿ, ಕಸದ ತೊಟ್ಟಿ ಇರಲಿ, ಶಾಸ್ತ್ರಕ್ಕೆ ಲೋಪವಿಲ್ಲ. ಇಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ಆದ್ದರಿಂದ ಇಡೀ ದೋಹಾ ನಗರ ದಿನಬೆಳಗಾದರೆ ಅಪ್ರದಕ್ಷಿಣೆ ಹಾಕುತ್ತದೆ. ಪ್ರತಿ ವೃತ್ತದಲ್ಲೂ ನನ್ನ ಕುತ್ತಿಗೆ ಹಳೆಯ ಭಕ್ತಿಯಿಂದ ಬಲಕ್ಕೇ ತಿರುಗುತ್ತಿತ್ತು, ಗಾಡಿಗಳು ಬರುತ್ತಿದ್ದದ್ದು ಎಡದಿಂದ.

ನನ್ನನ್ನು ತಿದ್ದಲು ಸಿಕ್ಕಿದವರು ಇಸ್ಮಾಯಿಲ್. ಬಂಟ್ವಾಳದ ಕಡೆಯ ಬ್ಯಾರಿಗಳು. ಇಪ್ಪತ್ತು ವರ್ಷದಿಂದ ಇಲ್ಲಿ ಡ್ರೈವಿಂಗ್ ಕಲಿಸುತ್ತಿರುವವರು. ತಮ್ಮ ಕಾಲಡಿಯಲ್ಲೂ ಒಂದು ಬ್ರೇಕು ಇರುವುದರಿಂದ ಸದಾ ಶಾಂತವಾಗಿರುವವರು. ನನ್ನ ಆನೆಯ ಕಥೆಯನ್ನು ಮೊದಲ ದಿನವೇ ಅವರಿಗೆ ಹೇಳಿದೆ. ಪೂರ್ತಿ ಕೇಳಿ, “ಅಕ್ಕಾ, ಆನೆಗೆ ಇಂಡಿಕೇಟರ್ ಬೇಡ. ಇಲ್ಲಿ ಬೇಕು” ಎಂದರು.

ಆ ಇಂಡಿಕೇಟರೇ ನನ್ನ ವೈರಿ. ಎಡಗಡೆ ಓಡುವ ದೇಶಗಳಿಗೆ ಬರುವ ಜಪಾನಿನ ಕಾರುಗಳಲ್ಲಿ ಸ್ಟಿಯರಿಂಗಿನ ಬಲಗಡೆಯ ಕಡ್ಡಿ ಇಂಡಿಕೇಟರಿನದು, ಎಡಗಡೆಯದು ವೈಪರಿನದು. ಇಲ್ಲಿ ಅದಲುಬದಲು. ಹನ್ನೊಂದು ವರ್ಷ ಪಳಗಿದ ಬಲಗೈ ತಿರುವು ಬಂದ ಕೂಡಲೇ ನನ್ನನ್ನು ಕೇಳದೆಯೇ ಎದ್ದು ಬಲಗಡೆಯ ಕಡ್ಡಿಯನ್ನು ಒತ್ತುತ್ತಿತ್ತು. ಜೂನ್ ತಿಂಗಳ ದೋಹಾ, ಆಕಾಶದಲ್ಲಿ ಹತ್ತಿಯಷ್ಟು ಮೋಡವಿಲ್ಲ, ಕಾರಿನ ಬಾನೆಟ್ಟಿನ ಮೇಲೆ ದೋಸೆ ಹಾಕಬಹುದು, ಅಂಥದರಲ್ಲಿ ನನ್ನ ವೈಪರುಗಳು ಒಣ ಗಾಜಿನ ಮೇಲೆ ಕರ್ರೋ ಕರ್ರೋ ಎಂದು ಓಡಾಡುತ್ತಿದ್ದವು.

“ಮಳೆ ಎಲ್ಲಿ ಬರ್ತಾ ಉಂಟು ಅಕ್ಕಾ? ನನಗೂ ಸ್ವಲ್ಪ ತೋರಿಸಿ ಮಾರಾಯ್ರೆ. ನೋಡದೆ ಎಷ್ಟು ತಿಂಗಳಾಯ್ತು!”

ಮೊದಲ ಪರೀಕ್ಷೆ ಜೂನ್ ಕೊನೆಯಲ್ಲಿ. ಮುಂದಿನ ಸೀಟಿನಲ್ಲಿ ಪೊಲೀಸ್ ಇಲಾಖೆಯ ಮೇಡಂ, ಕಪ್ಪು ಅಬಾಯಾದ ಮೇಲೆ ಬ್ಯಾಡ್ಜು, ತೊಡೆಯ ಮೇಲೆ ಕಾಗದದ ಹಲಗೆ. ಹಿಂದೆ ನಾವು ಮೂವರು ಹೆಂಗಸರು, ಒಬ್ಬೊಬ್ಬರಾಗಿ ಇಳಿದು ಮುಂದೆ ಹೋಗಿ ಓಡಿಸಬೇಕು. ನನ್ನ ಸರದಿ ಬಂತು. “ಯಲ್ಲಾ, ನೆಕ್ಸ್ಟ್!” ಎಂದರು ಮೇಡಂ. ಯಲ್ಲಾ ಎಂದರೆ ನಡಿ, ಬೇಗ. ನಾನು ಆತ್ಮವಿಶ್ವಾಸದಿಂದ ಇಳಿದೆ, ಆತ್ಮವಿಶ್ವಾಸದಿಂದ ಬಲಗಡೆಯ ಮುಂದಿನ ಬಾಗಿಲು ತೆಗೆದೆ, ಆತ್ಮವಿಶ್ವಾಸದಿಂದ ಕೂರಲು ಹೋದೆ. ಅಲ್ಲಿ ಆಗಲೇ ಮೇಡಂ ಇದ್ದರು. ಇಲ್ಲಿನ ಕಾರಿನಲ್ಲಿ ಸ್ಟಿಯರಿಂಗ್ ಎಡಗಡೆ. ಸರ್ಕಾರದ ಮಡಿಲಲ್ಲಿ ಕೂರುವ ಭಾಗ್ಯ ಒಂದು ಗೇಣಿನಲ್ಲಿ ತಪ್ಪಿತು. ಆಮೇಲೆ ನಾನು ಓಡಿಸಿದ್ದು ಹೇಗೆಂದು ನನಗೇ ನೆನಪಿಲ್ಲ. ವೃತ್ತದಲ್ಲಿ ಬಲಕ್ಕೆ ನೋಡಿದೆ ಎಂದು ಮಾತ್ರ ಕಾಗದದಲ್ಲಿ ಬರೆದಿತ್ತು. ಫೇಲು.

ಎರಡನೆಯದು ಜುಲೈನಲ್ಲಿ. ಬಾಗಿಲು ಸರಿಯಾಯಿತು, ವೃತ್ತವೂ ಸರಿಯಾಯಿತು. ಕೊನೆಯ ತಿರುವಿನಲ್ಲಿ ವೈಪರ್ ಎದ್ದಿತು. ಅದನ್ನು ನಿಲ್ಲಿಸುವ ಗಾಬರಿಯಲ್ಲಿ ಗಾಜಿಗೆ ನೀರೂ ಚಿಮ್ಮಿತು. ಆ ನೀರಿನ ತೆರೆಯ ಹಿಂದಿನಿಂದ ನಾನು ಇಂಡಿಕೇಟರಿಲ್ಲದೆ ತಿರುಗಿದೆ. ಫೇಲು.

ಅಂದು ಮನೆಗೆ ಬಂದು ಸೋಫಾದಲ್ಲಿ ಕೂತೆ. ಶಾಲೆ ತೆರೆಯಲು ಉಳಿದದ್ದು ಐದು ವಾರ. ಪ್ರಿನ್ಸಿಪಾಲರು ಅಂದೇ ಫೋನ್ ಮಾಡಿ, ಇನ್ನೊಬ್ಬರು ಕಾಯುತ್ತಿದ್ದಾರೆ, ಆಗಸ್ಟ್ ಮೂರನೇ ವಾರಕ್ಕಿಂತ ಆಚೆಗೆ ತಾನು ತಡೆಯಲಾರೆ ಎಂದು ಬಹಳ ಸಂಕೋಚದಿಂದ ಹೇಳಿದ್ದರು. ಮತ್ತೊಂದೇ ಪರೀಕ್ಷೆಗೆ ಸಮಯವಿತ್ತು. ಇವರು ಕಾಫಿ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂತರು.

“ಬಿಡೇ, ಇನ್ನೊಂದು ವರ್ಷ ನೋಡಿದರಾಯ್ತು.”

“ಏನು ನೋಡೋದು? ಟೈಲಾ?”

“ನಾನು ಮೊದಲ ಸಲಕ್ಕೇ...” ಎಂದು ಶುರು ಮಾಡಿದವರು ನನ್ನ ಮುಖ ನೋಡಿ, “ಕಾಫಿ ಸ್ಟ್ರಾಂಗ್ ಆಯ್ತಾ?” ಎಂದು ಮುಗಿಸಿದರು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಇವರೂ ಅಷ್ಟಿಷ್ಟು ಬ್ರೇಕು ಹಾಕುವುದನ್ನು ಕಲಿತಿದ್ದಾರೆ.

ಉಪಾಯ ಹೇಳಿದವರು ಇಸ್ಮಾಯಿಲ್. ಮುಂದಿನ ತರಗತಿಗೆ ಹೋದಾಗ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಎರಡೂ ಕೈಯಲ್ಲಿ ಒಂದೊಂದು ಡಜನ್ ಹಸಿರು ಗಾಜಿನ ಬಳೆ. “ಅಕ್ಕಾ, ಬೇಜಾರು ಮಾಡ್ಬೇಡಿ, ಒಂದು ಮಾತು. ಬಲಗೈಯದ್ದು ತೆಗೆದು ಇಡಿ. ಎಡದ್ದು ಇರ್ಲಿ. ತಿರುಗುವಾಗ ಬಳೆ ಶಬ್ದ ಕೇಳ್ಬೇಕು ನಿಮ್ಗೆ. ಶಬ್ದ ಬಂದ್ರೆ ಸರಿ, ಬಾರದಿದ್ರೆ ತಪ್ಪು. ನಿಮ್ಮ ಕೈ ನಾನು ಹೇಳಿದ್ದು ಕೇಳುದಿಲ್ಲ, ಕಿವಿಗೆ ಹೇಳಿ ನೋಡುವ.”

“ಇದು ಎಲ್ಲಿ ಕಲಿತಿರಿ ಇಸ್ಮಾಯಿಲ್ ಅವರೇ?”

“ನಮ್ಮ ಹೆಂಗಸಿಗೆ ಕಲಿಸುವಾಗ. ಅವಳಿಗೆ ಇದೇ ಮಾಡಿದ್ದು. ನಾನು ಹೇಳಿದ್ದು ಅಂತ ಹೇಳ್ಬೇಡಿ ಮತ್ತೆ, ಆ ಬಳೆಯ ವಿಷಯ ನಮ್ಮ ಮನೆಯಲ್ಲಿ ಇನ್ನೂ ಮುಗಿಲಿಲ್ಲ.”

ಬಲಗೈಯ ಬಳೆಗಳನ್ನು ಒಂದೊಂದಾಗಿ ತೆಗೆದೆ. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಿರಬಾರದೆಂದು ಬಳೆ ಬದಲಿಸುವಾಗ ಮಣಿಕಟ್ಟಿಗೆ ದಾರ ಸುತ್ತುತ್ತಿದ್ದ ಅಜ್ಜಿ ನೆನಪಾದಳು. ಮನಸ್ಸಿನಲ್ಲೇ ಅವಳೊಡನೆ ರಾಜಿ ಮಾಡಿಕೊಂಡೆ: ಎಡಗೈಯಲ್ಲಿ ಎರಡು ಡಜನ್ ಹಾಕಿಕೊಳ್ಳುತ್ತೇನೆ ಅಜ್ಜಿ, ಒಟ್ಟು ಸಂಖ್ಯೆಯಲ್ಲಿ ಕೊರತೆಯಿಲ್ಲ. ಗಣಿತಕ್ಕೆ ಇಂಥ ಉಪಯೋಗವೂ ಇದೆ. ಸಂಜೆ ಇವರು ನೋಡಿ ಬೆಚ್ಚಿ, “ಏನೇ ಇದು, ನಾನಿನ್ನೂ ಗಟ್ಟಿಮುಟ್ಟಾಗಿದೀನಲ್ಲೇ, ಅರ್ಧಕ್ಕರ್ಧ ತೆಗೆದುಬಿಟ್ಟಿದೀಯ!” ಎಂದರು. ಮೂರು ವಾರ ಮನೆಯಲ್ಲೂ ಅಭ್ಯಾಸ ಮಾಡಿದೆ. ಹಜಾರದಿಂದ ಅಡುಗೆಮನೆಗೆ ತಿರುಗುವಾಗಲೂ ಎಡಗೈ ಎತ್ತಿ ಝಣ್ ಎನ್ನಿಸುತ್ತಿದ್ದೆ. ಇವರು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು.

ಮೂರನೆಯ ಪರೀಕ್ಷೆ. ಕಾರಿನಲ್ಲಿದ್ದವರು ಮೊದಲ ಸಲದ ಅದೇ ಮೇಡಂ. ನನ್ನನ್ನು ನೋಡಿ, “ಯೂ!” ಎಂದರು. ನನ್ನ ಸರದಿ ಬಂದು ನಾನು ಹಿಂದಿನ ಸೀಟಿನಿಂದ ಇಳಿದ ಕೂಡಲೇ ತಮ್ಮ ಕಡೆಯ ಬಾಗಿಲನ್ನು ಒಳಗಿನಿಂದ ಲಾಕ್ ಮಾಡಿಕೊಂಡ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಡಗಡೆಯ ಬಾಗಿಲು ತೆಗೆದು ಕೂತೆ. ಕೈ ಕೀಲಿಯ ಕಡೆಗೆ ಓಡಿತು. ಕೆನೆಲ್ವೆ ಹಿಡಿದುಕೊಂಡಂತಾಯಿತು. ಮೇಡಂ ಕಡೆಗೆ ತಿರುಗಿ, “ಸಲಾಂ ಅಲೈಕುಂ. ಶ್ಲೋನಿಚ್?” ಎಂದೆ. ಹೇಗಿದ್ದೀರಿ ಎಂದು ಇಲ್ಲಿನವರು ಹೆಂಗಸರನ್ನು ಕೇಳುವುದು ಹಾಗೆ. ಬೆಳಗಿನಿಂದ ಯಲ್ಲಾ ಬಿಟ್ಟು ಬೇರೆ ಮಾತಾಡದಿದ್ದ ಅವರು ಹಲಗೆ ಕೆಳಗಿಟ್ಟು, ಅಲ್‌ಹಮ್ದುಲಿಲ್ಲಾ ಎಂದರು, ನೀನು ಹೇಗಿದ್ದೀಯ ಎಂದರು, ಮನೆಯವರು ಹೇಗಿದ್ದಾರೆ ಎಂದರು. ಈ ಊರಿನವರೂ ಕುಶಲ ಕೇಳಲು ಕೂತರೆ ಗ್ಯಾಬರೋನಿನವರ ಅಣ್ಣಂದಿರೇ. ಅಷ್ಟು ಹೊತ್ತಿನಲ್ಲಿ ನನ್ನ ಕೈ ಸುಮ್ಮನಾಗಿತ್ತು.

ಮೊದಲ ತಿರುವು. ಝಣ್. ಇಂಡಿಕೇಟರ್. ಎರಡನೆಯದು. ಝಣ್. ಮೇಡಂ ನನ್ನ ಎಡಗೈ ನೋಡಿದರು, ಬಲಗೈ ನೋಡಿದರು.

“ವೈ ಓನ್ಲಿ ಒನ್ ಹ್ಯಾಂಡ್?”

“ಮೇಡಂ, ದಿಸ್ ಹ್ಯಾಂಡ್ ಇಂಡಿಕೇಟರ್. ದಟ್ ಹ್ಯಾಂಡ್ ಹಾಲಿಡೇ.”

ಹಿಂದಿನ ಸೀಟಿನಲ್ಲಿ ಫಿಲಿಪ್ಪೀನ್ಸಿನ ನರ್ಸೊಬ್ಬಳು ಕಿಸಕ್ಕೆಂದಳು. ಮೇಡಂ ನಗಲಿಲ್ಲ, ಆದರೆ ಮೂರನೆಯ ತಿರುವು ಬರುವಾಗ ಅವರೂ ಕಿವಿಗೊಟ್ಟದ್ದು ನನಗೆ ಗೊತ್ತಾಯಿತು. ಆಮೇಲೆ ವೃತ್ತ ಬಂತು. ಎಡಕ್ಕೆ ನೋಡಿದೆ. ಬಿಳಿಯ ಲ್ಯಾಂಡ್‌ಕ್ರೂಸರ್ ಒಂದು ದೂರದಲ್ಲಿ ಬರುತ್ತಿತ್ತು. ಹೋಗಬಹುದಾಗಿತ್ತೋ ಏನೋ. “ಯಲ್ಲಾ, ಗೋ” ಎಂದರು ಮೇಡಂ. ನನ್ನ ಶಾಲೆ, ನನ್ನ ಕರಿಹಲಗೆ, ಎಲ್ಲವೂ ಆ ಒಂದು ಯಲ್ಲಾದ ಆಚೆಗೆ ನಿಂತಿದ್ದವು. ಹೋಗದಿದ್ದರೆ ಅಂಜುಬುರುಕಿ ಎಂದು ಬರೆಯುತ್ತಾರೆ. ಹೋದರೆ, ಆ ಗಾಡಿ ಬರುವ ವೇಗ ನನಗೆ ಹಿಡಿಸಲಿಲ್ಲ. ಪಕ್ಕದ ಸೀಟಿನವರ ಮಾತು ಕೇಳಬೇಡ. ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಲ್ಯಾಂಡ್‌ಕ್ರೂಸರ್ ಯಾವ ದೀಪವನ್ನೂ ತೋರಿಸದೆ ನಮ್ಮ ಮೂಗಿನ ಮುಂದೆಯೇ ಸುಂಯ್ಯೆಂದು ಸುತ್ತಿ ಹೋಯಿತು. ಅದರ ಗಾಳಿಗೆ ನಮ್ಮ ಕಾರು ಒಮ್ಮೆ ತೂಗಿತು. ಮೇಡಂ ಕಾಗದದಲ್ಲಿ ಏನೋ ಬರೆದರು. ಇನ್ನೊಂದು ತಿರುವಾದ ಮೇಲೆ, “ಖಲಾಸ್” ಎಂದರು. ಮುಗಿಯಿತು.

ಫಲಿತಾಂಶ ಹೇಳಿದ್ದು ಎಲ್ಲರದೂ ಆದ ಮೇಲೆ. ಪಾಸು. ಇಸ್ಮಾಯಿಲ್ ಹೊರಗೆ ಕಾಯುತ್ತಿದ್ದರು. ನಾನು ಎಡಗೈ ಎತ್ತಿ ಝಣ್ ಎನ್ನಿಸಿದೆ. “ಗೊತ್ತಾಯ್ತು ಅಕ್ಕಾ, ಕೇಳ್ತು” ಎಂದರು.

ಶಾಲೆ ತೆರೆದ ದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೆ, ನನಗೆಂದೇ ಕೊಂಡ ಹಳೆಯ ಕಾರಿನಲ್ಲಿ ನಾನೊಬ್ಬಳೇ ಹೊರಟೆ. ಇವರು ಪಂಚೆಯಲ್ಲೇ ಕೆಳಗಿಳಿದು ಬಂದು, ಕೊನೆಯ ಹಿತವಚನವಾಗಿ, “ಯಾರಾದರೂ ಲೈಟು ಮಿಂಚಿಸಿದರೆ ಉಪಚಾರ ಮಾಡೋಕೆ ಹೋಗಬೇಡ” ಎಂದರು. ಅನುಭವಸ್ಥರ ಮಾತು. ಎಡಗೈ ತುಂಬ ಬಳೆ, ಬಲಗೈ ಇನ್ನೂ ರಜೆಯಲ್ಲಿ. ಹೆದ್ದಾರಿಗೆ ಸೇರಿದೆ. ತಿರುವುಗಳೆಲ್ಲ ಝಣ್ ಝಣ್ ಎಂದು ಸರಿದವು. ನನ್ನಂಥ ಡ್ರೈವರು ಈ ಕೊಲ್ಲಿಯಲ್ಲೇ ಇಲ್ಲ ಎಂದುಕೊಂಡೆ.

ಇಲ್ಲಿ ಬೇಸಿಗೆಯ ಕೊನೆಗೆ ಸಮುದ್ರದ ಕಡೆಯಿಂದ ಒದ್ದೆಗಾಳಿ ಬರುತ್ತದೆ. ಮಳೆ ಬಾರದ ಊರಿನಲ್ಲೂ ಮುಂಜಾನೆ ಕಾರುಗಳೆಲ್ಲ ಮಿಂದು ನಿಂತಂತಿರುತ್ತವೆ. ಒಳಗಿನ ಏಸಿಯ ತಂಪಿಗೆ ನನ್ನ ಮುಂದಿನ ಗಾಜು ಹೊರಗಿನಿಂದ ಮೆಲ್ಲಗೆ ಬೆವರಿ ಬೆಳ್ಳಗಾಗತೊಡಗಿತು. ಮುಂದಿನ ಗಾ‌ಡಿಯ ಕೆಂಪು ದೀಪ ಕುಂಕುಮ ಕದಡಿದ ಹಾಗಾಯಿತು. ಎರಡು ತಿಂಗಳು ಬೇಡಬೇಡವೆಂದರೂ ಕುಣಿದ ವೈಪರು ಈಗ ನಿಜವಾಗಿ ಬೇಕಾಗಿತ್ತು. ವೈಪರ್ ಎಂದು ಮನಸ್ಸು ಹೇಳಿದ್ದೇ ತಡ, ಎಡಗೈ ಮುಂದೆ ಬಂತು. ಝಣ್! ಎಡಗಡೆಯ ಇಂಡಿಕೇಟರು ಟಿಕ್ ಟಿಕ್ ಎನ್ನತೊಡಗಿತು.

ಆಗ ನನಗೆ ಅರ್ಥವಾಯಿತು. ಇಸ್ಮಾಯಿಲ್ ಕಲಿಸಿದ್ದು ಇಂಡಿಕೇಟರನ್ನು ಮಾತ್ರ, ಅದು ಸಾಮಾನು ಸರಂಜಾಮಿನೊಂದಿಗೆ ದೋಹಾಕ್ಕೆ ಬಂದು ಇಳಿದಿತ್ತು. ವೈಪರಿಗೆ ಯಾರೂ ಏನೂ ಹೇಳಿರಲಿಲ್ಲ. ಅದು ಪಾಪ, ಇನ್ನೂ ಗ್ಯಾಬರೋನ್‌ನಲ್ಲೇ, ಎಡಗೈಯ ಹತ್ತಿರವೇ ಕೂತು ಮಳೆ ಕಾಯುತ್ತಿತ್ತು.

ಅಷ್ಟರಲ್ಲಿ ನನ್ನ ಇಂಡಿಕೇಟರನ್ನು ನಂಬಿ ಎಡಗಡೆಯ ಲೇನಿನ ಲ್ಯಾಂಡ್‌ಕ್ರೂಸರ್ ಒಂದು ವೇಗ ತಗ್ಗಿಸಿ ಜಾಗ ಮಾಡಿಕೊಟ್ಟು ಒಮ್ಮೆ ಹೆಡ್‌ಲೈಟ್ ಮಿಂಚಿಸಿತು. ನಾನು ಹೋಗಬೇಕಾಗಿದ್ದದ್ದು ಆ ಕಡೆಗಲ್ಲ. ಇಂಡಿಕೇಟರ್ ಆರಿಸಿ, ನನ್ನ ಲೇನಿನಲ್ಲೇ ಉಳಿದು, ಬಲಗೈಯನ್ನು ರಜೆಯಿಂದ ಎಬ್ಬಿಸಿ ವೈಪರ್ ಹಾಕಿದೆ. ಒಂದೇ ಬೀಸಿಗೆ ಇಡೀ ರಸ್ತೆ ತೊಳೆದಿಟ್ಟಂತೆ ಕಂಡಿತು. ಇವರ ಹಿತವಚನ ಮೀರಿ ಎರಡೂ ಕಡೆಯ ದೀಪವನ್ನು ಎರಡು ಸಲ ಮಿನುಗಿಸಿದೆ. ಅರ್ಥವಾಗದಿದ್ದರೂ ಇರಲಿ.

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಲೆಯಲ್ಲಿದ್ದೆ. ಮೊದಲ ಪೀರಿಯಡ್ಡು ಆರನೆಯ ತರಗತಿ. ಬಲಗೈ ಎತ್ತಿ ಬೋರ್ಡಿನ ಮೇಲೆ ಹೆಸರು ಬರೆದೆ. ನನ್ನ ಹೆಸರಿನಿಂದಲೇ ನಮ್ಮ ಕಡೆಯವಳೆಂದು ಊಹಿಸಿದ ಮುಂದಿನ ಬೆಂಚಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದಳು:

“ಮಿಸ್, ಈ ಹ್ಯಾಂಡ್ ಬಳೆ ಎಲ್ಲಿ ಹೋಯ್ತು?”

“ಬರ್ತಾ ಇದೆ ಪುಟ್ಟಿ” ಎಂದೆ. “ದೂರದ ಊರಿಂದ ಹೊರಟಿದೆ. ದಾರಿಯಲ್ಲಿ ಆನೆ ಅಡ್ಡ ಬಂದಿರಬೇಕು.”